ಬಂದವರ ಹೆಸರು ಕೂಗುವವನು

ಸೇಲಂ
10-6-2024

ತಿಮ್ಮರಾಜು ಮಾವನಿಗೆ,

ಕಾರ್ತಿಕಾ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡಿ, ಪೂರ್ತಿ ಓದಿ ಹರಿಯಿರಿ. ನಿಮ್ಮ ಮಗ ಬಾಲಾಜಿಯನ್ನು ಮದುವೆಯಾಗುವುದಿಲ್ಲ ಎಂದು ನಾನು ಹೇಳಿದ ದಿನ ನಡುಮನೆಯಿಂದ ಎದ್ದು ಹೋದವರು ನೀವು. ಏಳು ವರ್ಷವಾಯಿತು, ಇವತ್ತಿನವರೆಗೆ ನನ್ನ ಫೋನ್ ಎತ್ತಿಲ್ಲ. ಬಾಲಾಜಿಗೆ ಮದುವೆಯಾಗಿ ಮಕ್ಕಳಾದರು, ಅವನೂ ರಾಧಾನೂ ಸೇಲಂಗೆ ಬಂದರೆ ನಮ್ಮ ಮನೆಯಲ್ಲೇ ಊಟ ಮಾಡುತ್ತಾರೆ. ಅವನಿಗಿಲ್ಲದ ಸಿಟ್ಟನ್ನು ನೀವು ಕಾಪಾಡಿಕೊಂಡು ಬಂದಿದ್ದೀರಿ.

ಏನು ಮಾಡಲಿ ಎಂದು ಅಮ್ಮನನ್ನು ಕೇಳಿದೆ. ನಿಮ್ಮಕ್ಕನ ಬುದ್ಧಿ ನಿಮಗೇ ಗೊತ್ತು. "ಅವ್ನು ಬುಟ್ಟಿರದು ಮಾತು ತಾನೆ, ಓದದು ಬುಟ್ಟಿಲ್ವಲ್ಲ. ಬರಿ," ಅಂದಳು. ಶಾಲೆಯಲ್ಲಿ ನಾನು ಓದಿದ್ದೆಲ್ಲ ತಮಿಳು. ಮದುವೆಗಳಿಗೆ ಮೈಕು, ಹಾರ್ನು ಬಾಡಿಗೆ ಕೊಡುವ ನಿಮ್ಮ ರೇಡಿಯೋ ಸೆಟ್ಟಿನ ಪೆಟ್ಟಿಗೆಗಳ ಮೇಲೆ ಸುಣ್ಣದ ಕಡ್ಡಿಯಲ್ಲಿ ಕನ್ನಡ ಅಕ್ಷರ ತಿದ್ದಿಸಿದವರು ನೀವು, ಅದಕ್ಕೇ ಈ ಕಾಗದ ಕನ್ನಡದಲ್ಲಿ.

ವಿಷಯ ವ್ಯವಹಾರದ್ದು. ನಾನು ಮನೆಯಲ್ಲೇ ರವಿಕೆಗಳಿಗೆ ಆರಿ ಕಸೂತಿ ಹಾಕುತ್ತೇನೆ. ಭಾನುವಾರ ಸಂಜೆ ಅದನ್ನು ಕಂಪ್ಯೂಟರ್‌ನಲ್ಲಿ ಲೈವ್ ತೋರಿಸುತ್ತೇನೆ. ಚೌಕಟ್ಟಿನ ಮೇಲೆ ಕ್ಯಾಮೆರಾ ಇರುತ್ತದೆ, ನನ್ನ ಕೈ, ಸೂಜಿ, ಮಣಿ ಕಾಣುತ್ತವೆ. ನಾನು ನಮ್ಮ ಮನೆಯ ಕನ್ನಡದಲ್ಲೇ ಮಾತಾಡುತ್ತೇನೆ. ಅದನ್ನು ಕೇಳುವುದಕ್ಕೇ ತಿರುಪೂರು, ಹೊಸೂರು, ಮಸ್ಕತ್‌ನಿಂದೆಲ್ಲ ನಮ್ಮ ಜನ ಬರುತ್ತಾರೆ.

ತೊಂದರೆ ಏನೆಂದರೆ ನಾನು ತಲೆ ಎತ್ತುವಂತಿಲ್ಲ. ಎತ್ತಿದರೆ ಎಳೆ ಜಾರುತ್ತದೆ. ಹೊಸಬರು ಚಾನೆಲ್ಲಿಗೆ ಸೇರಿದಾಗ ಪರದೆಯ ಮೇಲೆ ಒಂದು ಚಿತ್ರ, ಅವರ ಹೆಸರು, ಜೊತೆಗೆ ಒಂದು ಸದ್ದು ಬರುತ್ತದೆ. ಅದಕ್ಕೆ ಅಲರ್ಟ್ ಎನ್ನುತ್ತಾರೆ. ಸದ್ದು ಕೇಳಿದರೆ ತಲೆ ಬಗ್ಗಿಸಿಕೊಂಡೇ ಬಂದವರನ್ನು ಮಾತಾಡಿಸಬಹುದು. ಈಗ ಇರುವುದು ರೆಡಿಮೇಡ್: ಒಂದು ಕರಡಿ ಕುಣಿಯುತ್ತದೆ, ಯಾರೋ ಸಿಳ್ಳೆ ಹೊಡೆಯುತ್ತಾರೆ. ಮನೆಗೆ ಬಂದವರನ್ನು ಸಿಳ್ಳೆ ಹೊಡೆದು ಕರೆಯುವುದು ಎಲ್ಲಿಯ ಮರ್ಯಾದೆ? ಅದನ್ನು ತೆಗೆದು ನಮಗೆ ಬೇಕಾದ ಚಿತ್ರ, ಬೇಕಾದ ದನಿ ಹಾಕಬಹುದು. ಬಂದವರನ್ನು ಒಳಗೆ ಕರೆಯುವ ದನಿ ಎಂದರೆ ನನಗೆ ಗೊತ್ತಿರುವುದು ಒಂದೇ, ಮಂಟಪಗಳಲ್ಲಿ ಮೈಕ್ ಹಿಡಿದ ನಿಮ್ಮದು. ಆಗುವುದಿಲ್ಲ ಎಂದರೆ ಒಂದು ಸಾಲು ಬರೆಯಿರಿ, ಕರಡಿಯೇ ಇದ್ದುಕೊಳ್ಳಲಿ.

ಇಂತಿ,
ಕಾರ್ತಿಕಾ

*

ನಲ್ಲಂಪಳ್ಳಿ
24-6-2024

ಸೇಲಂ ಗಿರಾಕಿಯವರಿಗೆ,

ಕಾಗದ ತಲುಪಿತು. ಓದುವುದು ಮಾತಲ್ಲ ಎಂದು ನಿಮ್ಮ ತಾಯಿ ಹೇಳಿದ್ದು ಸರಿ. ಬರೆಯುವುದೂ ಅಲ್ಲ.

ಒಪ್ಪುವ ಮುಂಚೆ ಕೆಲವು ವಿಚಾರ ತಿಳಿಯಬೇಕು. ಈ ಜನರನ್ನು ಕರೆದವರು ಯಾರು? ಪತ್ರಿಕೆ ಹಂಚಿ ಕರೆದಿದ್ದೀರೋ, ಅವರಾಗಿಯೇ ನುಗ್ಗುತ್ತಾರೋ? ಹೆಸರು ಕೂಗುವುದಕ್ಕೆ ಒಂದು ಕ್ರಮ ಇದೆ. ಮೊದಲು ಊರು, ಆಮೇಲೆ ತಂದೆ, ಆಮೇಲೆ ಬಂದವರ ಹೆಸರು. ಮಂಟಪದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವವನ ಕಿವಿಗೆ ಮೊದಲು ಅವನ ಊರು ಬೀಳಬೇಕು. ಆಗ ಅವನು ತಲೆ ಎತ್ತಿ ಒಳಗೆ ಬರುತ್ತಾನೆ. ಊರು ಗೊತ್ತಿಲ್ಲದವನನ್ನು ನಾನು ಈ ತನಕ ಕೂಗಿಲ್ಲ.

ಈಗ ಎಲ್ಲರಿಗೂ ಪಾಲಕೋಡಿನ ಪಳನಿಯ ಡಿಜೆ ಪೆಟ್ಟಿಗೆಗಳೇ ಬೇಕು. ನನ್ನ ಹಾರ್ನುಗಳು ಗೋಡೌನಿನಲ್ಲಿ ಬೋರಲು ಬಿದ್ದಿವೆ. ಸಾವಿಗೆ, ಸಣ್ಣಪುಟ್ಟ ಗೃಹಪ್ರವೇಶಕ್ಕೆ ಮಾತ್ರ ಕರೆ ಬರುತ್ತದೆ. ಆದ್ದರಿಂದ ಸಮಯ ಇದೆ. ಮೈಕಿಗೆ ಮಾತಾಡುವುದು ನನ್ನ ಕಸುಬು. ಮೈಕಿನ ಆಚೆ ಯಾರು ಕೂತಿದ್ದಾರೆ ಎಂದು ನಾನು ನೋಡುವವನಲ್ಲ.

ಇಂತಿ,
ತಿಮ್ಮರಾಜು
ತಿಮ್ಮರಾಜು ರೇಡಿಯೋ ಸೆಟ್, ನಲ್ಲಂಪಳ್ಳಿ

*

ಸೇಲಂ
1-7-2024

ಮಾವ,

ಗಿರಾಕಿ ಎಂದಿರಿ, ಆಗಲಿ. ಗಿರಾಕಿಗೂ ನೀವು ಕಾಫಿ ಕೊಟ್ಟು ಕೂರಿಸುತ್ತಿದ್ದಿರಿ ಎಂಬುದು ನೆನಪಿದೆ.

ಜನರನ್ನು ಯಾರೂ ಕರೆದಿಲ್ಲ. ದಾರಿಯಲ್ಲಿ ಹೋಗುವವರು ಬಾಗಿಲು ತೆರೆದಿದೆ ಎಂದು ಇಣುಕುತ್ತಾರಲ್ಲ, ಹಾಗೆ ಬರುತ್ತಾರೆ. ಹಿಡಿಸಿದರೆ ಸೇರುತ್ತಾರೆ. ಅವರ ಊರು, ತಂದೆ ಯಾವುದೂ ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಹೆಸರು ಒಂದೇ. ಆ ಹೆಸರನ್ನು ಕೂಡ ನೀವು ಹೇಳುವ ಹಾಗಿಲ್ಲ, ಯಾರು ಬರುತ್ತಾರೋ ಮೊದಲೇ ತಿಳಿಯದು. ಆದ್ದರಿಂದ ಮೊದಲು ನಿಮ್ಮ ದನಿ ಬರುತ್ತದೆ, ಅದು ಮುಗಿದ ಮೇಲೆ ಹೆಸರನ್ನು ಕಂಪ್ಯೂಟರ್ ತನ್ನ ದನಿಯಲ್ಲಿ ಓದುತ್ತದೆ. ಅದರ ಓದು ಒಣಒಣ. ಕರೆಯುವುದು ಚೆನ್ನಾಗಿದ್ದರೆ ಯಾರೂ ಅದನ್ನು ಎಣಿಸುವುದಿಲ್ಲ.

ಕರಡಿಯನ್ನು ಓಡಿಸಿದ್ದೇನೆ. ಕಪ್ಪು ಬಟ್ಟೆಯ ಮೇಲೆ ಜರಿ ಎಳೆಯಲ್ಲಿ ನಿಮ್ಮ ಹಾರ್ನು ಹಾಕಿ, ಅದರ ಫೋಟೋ ತೆಗೆದು ಚಿತ್ರದ ಜಾಗದಲ್ಲಿ ಇಟ್ಟೆ. ಬಾಯಿ ಸ್ವಲ್ಪ ಸೊಟ್ಟಗಾಗಿದೆ, ನಿಮ್ಮದರಲ್ಲೂ ಒಂದು ಸೊಟ್ಟ ಇತ್ತಲ್ಲ, ಟ್ರಾಕ್ಟರಿನಿಂದ ಬಿದ್ದದ್ದು.

ಲೈವ್ ಶುರುವಾಗುವ ಮುಂಚೆ ಟೆಸ್ಟ್ ಎಂಬ ಗುಂಡಿ ಒತ್ತಿ ಎಲ್ಲ ಸರಿಯಾಗಿ ಬರುತ್ತದೆಯೇ ನೋಡಿಕೊಳ್ಳಬೇಕು. ನೀವು "ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಿದ್ದಿರಲ್ಲ, ಅದೇ. ಅದಕ್ಕೊಂದು ಸುಳ್ಳು ಹೆಸರು ಬೇಕು. ಯಾವುದೋ ದೊರೆಯ ಹೆಸರು ಕೊಟ್ಟಿದ್ದರು, ಅದನ್ನು ತೆಗೆದು ನಮ್ಮವರ ಹೆಸರೊಂದನ್ನು ಹಾಕಿಕೊಂಡಿದ್ದೇನೆ.

ಬಾಲಾಜಿಯ ಫೋನಿನಲ್ಲಿ ಹೇಳಿ, ಅವನು ಕಳಿಸುತ್ತಾನೆ.

ಕಾರ್ತಿಕಾ

*

ನಲ್ಲಂಪಳ್ಳಿ
20-7-2024

ಸೇಲಂ ಗಿರಾಕಿಯವರಿಗೆ,

ಆಡಿ ತಿಂಗಳು, ಮದುವೆಗಳಿಲ್ಲ. ಗೋಡೌನಿನಲ್ಲಿ ಹಳೆಯ ಮೈಕ್ ಕಟ್ಟಿ, ಅದರ ಪೆಟ್ಟಿಗೆಯ ಮುಂದೆ ಫೋನ್ ಇಟ್ಟು ಹೇಳಿದ್ದೇನೆ. ಬರಿ ಫೋನಿಗೆ ಮಾತಾಡಿದರೆ ದನಿ ಸಪ್ಪೆಯಾಗುತ್ತದೆ. ನಿಂತೇ ಹೇಳಿದೆ. ಕೂತುಕೊಂಡು ಜನರನ್ನು ಕರೆಯಲು ಬರುವುದಿಲ್ಲ. ಬಾಲಾಜಿ ಪಕ್ಕದಲ್ಲಿ ನಗುತ್ತಿದ್ದ, ಅವನನ್ನು ಹೊರಗೆ ಕಳಿಸಿ ಮತ್ತೆ ಹೇಳಿದೆ. ಎರಡನೆಯದರಲ್ಲಿ ಹುಂಜ ಕೂಗಿದೆ, ಅದನ್ನು ಬಳಸಬೇಡಿ.

ಊರು ಗೊತ್ತಿಲ್ಲದವರಿಗೆ ಏನು ಹೇಳುವುದು ಎಂದು ಬಹಳ ಯೋಚನೆ ಮಾಡಿದೆ. ಕೊನೆಗೆ ಎಲ್ಲ ಊರುಗಳ ಹೆಸರನ್ನೂ ಸೇರಿಸಿದ್ದೇನೆ. ಪಾಲಕೋಡು, ನಲ್ಲಂಪಳ್ಳಿ, ಪೆನ್ನಾಗರಂ, ಮೆಟ್ಟೂರು, ಕೊಳತ್ತೂರು. ಯಾವುದಾದರೊಂದು ಅವರದಾಗಿರುತ್ತದೆ.

ಇಂತಿ,
ತಿಮ್ಮರಾಜು

*

ಸೇಲಂ
5-8-2024

ಮಾವ,

ನಿಮ್ಮ ದನಿ ಮೊದಲ ಸಲ ಕೇಳಿದಾಗ ಸೂಜಿ ಕೆಳಗಿಟ್ಟು ಇನ್ನೊಮ್ಮೆ ಹಾಕಿ ಕೇಳಿದೆ. ಏಳು ವರ್ಷವಾಗಿತ್ತು. ಅಷ್ಟು ಮಾತ್ರ ಹೇಳುತ್ತೇನೆ, ಗಿರಾಕಿ ಹೆಚ್ಚಿಗೆ ಹೇಳಬಾರದು.

ಈಗ ನಿನ್ನೆ ನಡೆದದ್ದು. ಪರದೆಯ ಮೇಲೆ ಹಾರ್ನಿನ ಚಿತ್ರ ಇರುವುದು ಸ್ವಲ್ಪವೇ ಹೊತ್ತು. ನೀವು ಪಾಲಕೋಡಿನಿಂದ ಹೊರಟು ಕೊಳತ್ತೂರು ಮುಟ್ಟುವುದರೊಳಗೆ ಚಿತ್ರವೂ ಹೋಯಿತು, ಹೆಸರೂ ಹೋಯಿತು. ಆಮೇಲೆ "ಬರ್ಬೇಕು, ಬರ್ಬೇಕು, ಊಟ ಮಾಡ್ಕಂಡೇ ಓಗ್ಬೇಕು" ಎಂದು ಯಾರೂ ಇಲ್ಲದ ಜಾಗದಲ್ಲಿ ನಿಮ್ಮ ದನಿ ಮಾತ್ರ. ಚಿತ್ರ ಹೆಚ್ಚು ಹೊತ್ತು ನಿಲ್ಲಲಿ ಎಂದು ಬದಲಾಯಿಸಿದೆ. ಆಗ ತಿರುಪೂರಿನ ಹೆಂಗಸೊಬ್ಬರು ತಮ್ಮ ಕಂಪನಿಯ ಹುಡುಗಿಯರನ್ನೆಲ್ಲ ಒಟ್ಟಿಗೆ ಸೇರಿಸಿಬಿಟ್ಟರು. ಅಲರ್ಟುಗಳು ರೇಷನ್ ಅಂಗಡಿಯ ಮುಂದಿನ ಹಾಗೆ ಸಾಲು ನಿಲ್ಲುತ್ತವೆ, ಒಂದು ಮುಗಿಯದೆ ಇನ್ನೊಂದು ಬರುವುದಿಲ್ಲ. ನಾನು ಲೈವ್ ಮುಗಿಸಿ, ನನ್ನ ಗಂಡ ಕೌಶಿಕ್‌ಗೆ ದೋಸೆ ಹುಯ್ಯುತ್ತಿದ್ದೆ. ಒಳಗಡೆ ಲ್ಯಾಪ್‌ಟಾಪಿನಲ್ಲಿ ನೀವಿನ್ನೂ ಊಟಕ್ಕೆ ಕರೆಯುತ್ತಲೇ ಇದ್ದಿರಿ. "ನಿಮ್ಮ ಮಾವ ಊರವ್ರಿಗೆಲ್ಲ ಊಟ ಅಂತಾವ್ರೆ, ಹಿಟ್ಟು ಸಾಕಾ?" ಎಂದು ಕೌಶಿಕ್ ಕೇಳಿದರು.

ನೆಟ್ ನಿಧಾನವಾದರೆ ಇನ್ನೊಂದು ಪೇಚಾಟ. ಶುರುವಿಗೆ ಮುಂಚೆ ಒತ್ತಿದ ಟೆಸ್ಟ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ದು, ನಡು ಲೈವಿನಲ್ಲಿ ಎದ್ದು ಬರುತ್ತದೆ. ಇಲ್ಲದವರನ್ನು ಇದ್ದಾರೆ ಎಂದು ಕರೆಯುತ್ತದೆ. ಅದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ.

ಊರುಗಳನ್ನು ಬಿಟ್ಟು ಚಿಕ್ಕದಾಗಿ ಹೇಳಿ ಕಳಿಸುತ್ತೀರಾ? ಊಟದ ಮಾತು ಇರಲಿ. ಜನ ಅದನ್ನು ಬಿಡುವುದಿಲ್ಲ, ಏನು ಅಡಿಗೆ ಎಂದು ಕೇಳುತ್ತಾರೆ.

ಕಾರ್ತಿಕಾ

*

ನಲ್ಲಂಪಳ್ಳಿ
22-8-2024

ಸೇಲಂ ಗಿರಾಕಿಯವರಿಗೆ,

ಊರು ಬಿಟ್ಟು ಕರೆಯುವುದು ಎಂದರೆ ಬಾಳೆಲೆ ಇಲ್ಲದೆ ಅನ್ನ ಬಡಿಸಿದ ಹಾಗೆ. ಎರಡು ದಿನ ಹಾಗೇ ಬಿಟ್ಟಿದ್ದೆ. ಆಮೇಲೆ ಚಿಕ್ಕದಾಗಿ ಹೇಳಿದ್ದೇನೆ. "ಬಂದವ್ರೆ, ಬಂದವ್ರೆ. ಬರ್ಬೇಕು. ಊಟ ಮಾಡ್ಕಂಡೇ ಓಗ್ಬೇಕು." ಇದಕ್ಕಿಂತ ಕಡಿಮೆ ಮಾಡಿದರೆ ನಾಯಿಯನ್ನು ಕರೆದಂತಾಗುತ್ತದೆ.

ಚಿಕ್ಕದಾಗಿ ಕರೆಯುವುದಕ್ಕೂ ಹದ ಬೇಕು. ಮೈಕನ್ನು ಬಾಯಿಗೆ ಅಂಟಿಸಿಕೊಳ್ಳಬಾರದು. ಧರ್ಮಪುರಿಯಲ್ಲಿ ನಿಮ್ಮ ಮದುವೆಗೆ ಪಳನಿಯ ಸೆಟ್ ಹಾಕಿಸಿದ್ದರಲ್ಲ, ಅವನು ಸೋದರಮಾವನ ಹೆಸರು ಹಿಡಿದು ತಾಯ್ಮಾಮನ ಸೀರು, ಆ ಉಡುಗೊರೆಯ ತಟ್ಟೆ, ತರಬೇಕು ಎಂದು ಕೂಗಿದ್ದು ನೋಡಿ. ಮೈಕನ್ನು ಕಚ್ಚಿಕೊಂಡೇ ಕೂಗಿದ. ಹೆಸರಿನ ಮೊದಲರ್ಧ ಉಬ್ಬಸ, ಕೊನೆಯರ್ಧ ಕೊಯ್ಯೆಂದಿತು. ಮೂರು ಸಲ ಕೂಗಿದರೂ ಮೂರೂ ಸಲ ಹಾಗೇ. ಹೆಸರು ಎಂದರೆ ಹಾಗೆ ಕೂಗುವುದಲ್ಲ.

ಆಡಿ ಕಳೆದು ಆವಣಿ ಬಂತು. ಎರಡು ಗೃಹಪ್ರವೇಶ ಒಪ್ಪಿದ್ದೇನೆ. ಇನ್ನು ಕಾಗದ ತಡವಾಗಬಹುದು.

ಇಂತಿ,
ತಿಮ್ಮರಾಜು

*

ಸೇಲಂ
16-9-2024

ಮಾವ,

ಚಿಕ್ಕದು ಸರಿಯಾಗಿ ಕೂತಿದೆ. ಚಿತ್ರ, ನಿಮ್ಮ ದನಿ, ಹೆಸರು, ಮೂರೂ ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತವೆ. ಹೆಸರು ಕಿವಿಗೆ ಬಿದ್ದ ಕೂಡಲೇ ತಲೆ ಎತ್ತದೆ ಅವರ ಊರು ಕೇಳುತ್ತೇನೆ. ಅವರು ಊರು ಬರೆಯುತ್ತಾರೆ, ಕೌಶಿಕ್ ಓದಿ ಹೇಳುತ್ತಾರೆ. ನಿಮ್ಮ ಕ್ರಮ ತಲೆಕೆಳಗಾಗಿದೆ, ಆದರೆ ಊರು ಬಿಟ್ಟುಹೋಗಿಲ್ಲ. ಮಸ್ಕತ್‌ನ ಒಬ್ಬರು ಈ ದನಿಯನ್ನು ಎಲ್ಲೋ ಕೇಳಿದ್ದೇನೆ, ನನ್ನ ತಂಗಿಯ ಮದುವೆಯಲ್ಲಿ ಎಂದು ಬರೆದರು. ಅವರ ಊರು ಪಾಲಕೋಡಿನ ಹತ್ತಿರವೇ.

ಒಂದು ಕೇಳಬೇಕು. ನೀವು ನನ್ನ ಮದುವೆಗೆ ಬರಲಿಲ್ಲ. ಸೀರು ತರಬೇಕಾದ ತಾಯ್ಮಾಮ ಬರಲಿಲ್ಲ ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಾನು ಮಣೆಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಮಂಟಪದಲ್ಲಿ ಇಲ್ಲದವರಿಗೆ ಪಳನಿ ಹೇಗೆ ಕೂಗಿದ, ಎಷ್ಟು ಸಲ ಕೂಗಿದ ಎಂಬುದು ಹೇಗೆ ಗೊತ್ತಾಯಿತು?

ಉತ್ತರ ಬರೆಯಲೇಬೇಕು ಎಂದಿಲ್ಲ. ಒಂದು ಭಾನುವಾರ ಬಂದು ನೋಡಿ. ಬಾಲಾಜಿ ತೋರಿಸುತ್ತಾನೆ. ನೋಡುವುದೂ ಮಾತಲ್ಲ.

ಕಾರ್ತಿಕಾ

*

ನಲ್ಲಂಪಳ್ಳಿ
14-10-2024

ಸೇಲಂ ಗಿರಾಕಿಯವರಿಗೆ,

ನಿನ್ನೆ ಬಂದಿದ್ದೆ.

ಬಾಲಾಜಿ ಫೋನಿನಲ್ಲಿ ನನ್ನ ಹೆಸರಿಗೇ ಒಂದು ಖಾತೆ ಮಾಡಿಕೊಟ್ಟ. ಅರ್ಧ ಗಂಟೆ ಸುಮ್ಮನೆ ನೋಡಿದೆ. ಕೈ ಚೆನ್ನಾಗಿ ಓಡುತ್ತದೆ. ಆಮೇಲೆ ಸೇರುತ್ತೇನೆ ಎಂದೆ, ಅವನು ಒತ್ತಿದ. ಹಾರ್ನು ಬಂತು. ನನ್ನ ದನಿ ಬಂತು. ಅದಾದ ಮೇಲೆ ಯಂತ್ರ ತಿಮ್ಮರಾಜು ಎಂದು ಸ್ಪಷ್ಟವಾಗಿಯೇ ಓದಿತು.

ಸೇರಿದವರನ್ನೆಲ್ಲ ನೀವು ಊರು ಕೇಳುತ್ತಿದ್ದಿರಿ. ಆಗ ಮಾತ್ರ ಕೇಳಲಿಲ್ಲ. "ಅದು ಯಾರೂ ಅಲ್ಲ ಬುಡಿ, ಸುಮ್ಕೆ ಬತ್ತೈತೆ," ಎಂದು ಅಲ್ಲಿ ಕೂತವರಿಗೆಲ್ಲ ಹೇಳಿದಿರಿ. ಕೈ ಕೂಡ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಬಾಲಾಜಿ, ರಾಧಾ, ಮಕ್ಕಳು ಎಲ್ಲ ಇದ್ದರು. ರಾಧಾ ಫೋನ್ ತೆಗೆದುಕೊಂಡು ಒಳಗೆ ಹೋದಳು.

ನಿಮ್ಮ ಮದುವೆಯಲ್ಲಿ ಕರೆದಾಗ ನಾನು ಬರಲಿಲ್ಲ. ಈಗ ಬಂದಾಗ ನೀವು ಕರೆಯಲಿಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು. ನನಗೆ ಬೇಸರವಾಗಿದೆ ಎಂದು ಬರೆಯುವುದರಲ್ಲಿ ನಾಚಿಕೆಯೇನಿಲ್ಲ, ಆಗಿದೆ. ನನ್ನ ದನಿಯನ್ನು ಅದರಿಂದ ತೆಗೆದುಬಿಡಿ. ಇನ್ನು ಕಾಗದ ಬೇಡ.

ಇಂತಿ,
ತಿಮ್ಮರಾಜು

*

ಸೇಲಂ
19-10-2024

ಮಾವ,

ಬೇಡ ಎಂದರೂ ಇದೊಂದನ್ನು ಬರೆಯುತ್ತೇನೆ. ಓದದಿದ್ದರೆ ಅಮ್ಮ ಬಂದು ಓದಿ ಹೇಳುವಂತಿಲ್ಲ, ಅವಳಿಗೆ ಅಕ್ಷರ ಬಾರದು. ನೀವೇ ಓದಬೇಕು.

ಅಲರ್ಟಿನ ಟೆಸ್ಟಿಗೆ ಒಂದು ಸುಳ್ಳು ಹೆಸರು ಬೇಕು, ನಮ್ಮವರ ಹೆಸರೊಂದನ್ನು ಹಾಕಿಕೊಂಡಿದ್ದೇನೆ ಎಂದು ಬರೆದಿದ್ದೆನಲ್ಲ. ಅದು ನಿಮ್ಮ ಹೆಸರು. ನಿಮ್ಮ ದನಿ ಬರುವುದಕ್ಕೂ ಮುಂಚೆ, ಕರಡಿ ಕುಣಿಯುತ್ತಿದ್ದಾಗಿನಿಂದಲೂ ಅದೇ ಹೆಸರು. ಪ್ರತಿ ಭಾನುವಾರ ಚೌಕಟ್ಟಿಗೆ ಬಟ್ಟೆ ಬಿಗಿದು, ದೀಪ ಸರಿಮಾಡಿ, ಟೆಸ್ಟ್ ಒತ್ತುತ್ತೇನೆ. ತಿಮ್ಮರಾಜು ಎಂದು ಬರುತ್ತದೆ. ಆಗ ನಾನು "ಬಾ ಮಾವ" ಅನ್ನುತ್ತೇನೆ. ಕೋಣೆಯಲ್ಲಿ ಯಾರೂ ಇರುವುದಿಲ್ಲ. ಒಂದು ದಿನ ಕೌಶಿಕ್ ಕೇಳಿಸಿಕೊಂಡು, ಯಾರು ಬಂದವರು ಎಂದು ಬಾಗಿಲ ತನಕ ಹೋಗಿ ನೋಡಿ ಬಂದರು. ಎಲ್ಲವೂ ಸರಿಯಾಗಿದೆ ಎಂದು ನನಗೆ ತಿಳಿಯುವುದು ನೀವು ಬಂದಾಗಲೇ. ಆಮೇಲೆ ಲೈವ್ ಶುರು ಮಾಡುತ್ತೇನೆ.

ಆ ಭಾನುವಾರ ಮಳೆಗೆ ನೆಟ್ ಜಗ್ಗುತ್ತಿತ್ತು. ಟೆಸ್ಟ್ ಒತ್ತಿದಾಗ ಬರಲಿಲ್ಲ, ಹಾಗೇ ಶುರು ಮಾಡಿದೆ. ನಡುವೆ ನಿಮ್ಮ ಹೆಸರು ಬಂತು. ಸಿಕ್ಕಿಕೊಂಡಿದ್ದ ಟೆಸ್ಟ್ ಈಗ ಎದ್ದಿದೆ ಎಂದುಕೊಂಡೆ. ನೀವೇ ಬಂದಿರಬಹುದು ಎಂದು ಹೊಳೆಯಲಿಲ್ಲ, ಯಾಕೆಂದರೆ ನೀವು ಬರುವವರಲ್ಲ. ಅಷ್ಟು ದಿನ ಕರೆದು ಕರೆದು, ಬರುವುದಿಲ್ಲ ಎಂಬುದೇ ಅಭ್ಯಾಸವಾಗಿತ್ತು.

ನಿಮ್ಮ ಕಾಗದ ನೋಡಿ ಆ ಲೈವನ್ನು ಮತ್ತೆ ಹಾಕಿ ಕೇಳಿದೆ. "ಯಾರೂ ಅಲ್ಲ ಬುಡಿ" ಎಂದು ನಾನೇ ಅಂದಿದ್ದೇನೆ, ನಗುನಗುತ್ತಾ. ಪೂರ್ತಿ ಕೇಳಲಾಗಲಿಲ್ಲ. ಸೇರಿದವರ ಹೆಸರುಗಳನ್ನು ತೆಗೆದು ನೋಡಿದರೆ ನೀವಿದ್ದೀರಿ. ಅತ್ತುಬಿಟ್ಟೆ, ಮಾವ. ಅಳುವುದು ಮಾತಲ್ಲವಲ್ಲ.

ನೀವು ಹೇಳಿದಂತೆ ದನಿ ತೆಗೆದಿದ್ದೇನೆ. ಕರಡಿ ವಾಪಸು ಬಂದಿದೆ. ಜನ ಊಟಕ್ಕೆ ಕರೆಯುವವರು ಎಲ್ಲಿ ಎಂದು ಕೇಳುತ್ತಿದ್ದಾರೆ, ಊರಿಗೆ ಹೋಗಿದ್ದಾರೆ ಎಂದು ಹೇಳುತ್ತೇನೆ. ಟೆಸ್ಟಿನ ಹೆಸರನ್ನು ಮಾತ್ರ ಬದಲಾಯಿಸಿಲ್ಲ. ಬೇರೆ ಯಾರನ್ನು ಹಾಕಲಿ ಎಂದು ತೋಚುತ್ತಿಲ್ಲ.

ನಿಮ್ಮ
ಕಾರ್ತಿಕಾ

*

ನಲ್ಲಂಪಳ್ಳಿ
2-11-2024

ಕಾರ್ತಿಕಾ,

ಕಾಗದ ಬಂದು ಬಹಳ ದಿನವಾಯಿತು. ದೀಪಾವಳಿಗೆ ಎರಡು ಕಡೆ ಸೆಟ್ ಇತ್ತು, ಅದನ್ನು ಬಿಚ್ಚಿ ತಂದು ಈಗ ಕೂತಿದ್ದೇನೆ.

ಪಳನಿ ಕೂಗಿದ್ದು ನನಗೆ ಹೇಗೆ ಗೊತ್ತು ಎಂದು ನೀನು ಕೇಳಿದ್ದೆ. ಅವನ ಸೆಟ್ಟಿನ ಸದ್ದು ಮಂಟಪದ ಎದುರು ರಸ್ತೆಯ ಟೀ ಅಂಗಡಿಯವರೆಗೆ ಬರುತ್ತದೆ. ಸೀರಿನ ತಟ್ಟೆ ಹಿಡಿದುಕೊಂಡು ಅಲ್ಲಿಯವರೆಗೆ ಬರಬಹುದು, ಮಳೆಯಿದ್ದರೂ ನೆನೆಯದೆ ಕೂರಬಹುದು. ಆ ದಿನದ ತಟ್ಟೆ ಇನ್ನೂ ಬೀರುವಿನ ಮೇಲಿದೆ. ಸೀರೆಯ ಮಡಿಕೆಯಲ್ಲಿ ಬಣ್ಣ ಬಿಟ್ಟಿರಬಹುದು, ನೋಡಿಲ್ಲ.

ನಾನು ಕೂಗಿದ ಹೆಸರುಗಳಿಗೆ ಲೆಕ್ಕವಿಲ್ಲ. ಮೈಕ್ ಹಿಡಿದವನ ಹೆಸರನ್ನು ಯಾರೂ ಕೂಗುವುದಿಲ್ಲ, ಅವನು ಮೊದಲೇ ಬಂದಿರುತ್ತಾನೆ. ಪಳನಿ ಒಬ್ಬ ಕೂಗಿದ್ದ. ಆಮೇಲೆ ನೀನು ಭಾನುವಾರ ಭಾನುವಾರ ಕೂಗುತ್ತಿದ್ದೆ ಎಂದು ಈಗ ತಿಳಿಯಿತು. ಕಾಗದವನ್ನು ಬಾಲಾಜಿಗೆ ಓದಿ ಹೇಳಲು ಹೋದೆ, ಪೂರ್ತಿ ಓದಲಾಗಲಿಲ್ಲ. ಉಳಿದದ್ದನ್ನು ಅವನ ಕೈಗೇ ಕೊಟ್ಟು ಓದಿಸಿದೆ.

ಕರಡಿಯನ್ನು ತೆಗೆದು ಹಾರ್ನು ಹಾಕು. ನನ್ನ ದನಿಯನ್ನೂ ಹಾಕು. ಟೆಸ್ಟಿನ ಹೆಸರು ಇದ್ದದ್ದೇ ಇರಲಿ.

ಒಮ್ಮೆ ಸೇರಿದವನನ್ನು ಆ ಯಂತ್ರ ಮತ್ತೆ ಕೂಗುವುದಿಲ್ಲವಂತೆ, ಬಾಲಾಜಿ ಹೇಳಿದ. ಅದಕ್ಕೆ ಹೊರಗೆ ಬಂದು, ಹೊಸ ಖಾತೆ ಮಾಡಿಸಿಕೊಂಡಿದ್ದೇನೆ. ನಾಳೆ ಭಾನುವಾರ ಮತ್ತೆ ಸೇರುತ್ತೇನೆ. ಈ ಕಾಗದ ಅಷ್ಟರಲ್ಲಿ ಮುಟ್ಟುವುದಿಲ್ಲ ಎಂದು ರಾಧಾ ಕೈಯಲ್ಲೇ ಕಳಿಸುತ್ತಿದ್ದೇನೆ, ಅವಳು ಹೇಗೂ ಸೇಲಂಗೆ ಹೊರಟಿದ್ದಾಳೆ. ತಟ್ಟೆಯನ್ನೂ ಅವಳೇ ತರುತ್ತಾಳೆ.

ಟೆಸ್ಟ್ ಯಾವುದು, ನಾನು ಯಾವುದು ಎಂದು ನಿನಗೆ ತಿಳಿಯುವುದು ಹೇಗೆ ಎಂದು ಯೋಚಿಸಿದೆ. ಟೆಸ್ಟ್ ಆದರೆ ಬರಿ ಹೆಸರು ಬರುತ್ತದೆ. ನಾನಾದರೆ ಹೆಸರು ಬಂದ ಮೇಲೆ ನಿನ್ನ ಫೋನ್ ಹೊಡೆದುಕೊಳ್ಳುತ್ತದೆ. ಸೂಜಿ ಕೆಳಗಿಟ್ಟು ಎತ್ತು.

ನಿನ್ನ ಮಾವ,
ತಿಮ್ಮರಾಜು